ಫೋನ್ ಕೆಟ್ಟಿದೆ ಎಂದು ಬರೆದಿಟ್ಟ ದಿನ

೧೯೯೫ರ ಮಾತು. ಆಗ ನಾನು ಹುಬ್ಬಳ್ಳಿಯಲ್ಲಿ ಪೈಲಟ್ ಆಗಿದ್ದೆ. ಹೀಗೆಂದ ಕೂಡಲೇ ಜನ ಕಣ್ಣರಳಿಸುತ್ತಾರೆ. ಅದಕ್ಕೇ ಉಳಿದ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ವಿಮಾನ ಹಾರಿಸಿದ್ದಕ್ಕಿಂತ ಫೋನ್ ಕಾಯ್ದದ್ದೇ ಹೆಚ್ಚು.

ಅದೊಂದು ಸಣ್ಣ ಖಾಸಗಿ ಕಂಪನಿ. ಹದಿನೆಂಟು ಸೀಟಿನ ಒಂದೇ ವಿಮಾನ, ಮುಂಬಯಿಗೂ ಬೆಂಗಳೂರಿಗೂ ಹೋಗಿಬರುತ್ತಿತ್ತು. ಇಬ್ಬರು ಕ್ಯಾಪ್ಟನ್, ಅವರ ಬಾಜೂ ಕೂಡಲು ಒಬ್ಬ ಕೋಪೈಲಟ್. ಆ ಕೋಪೈಲಟ್‌ಗೆ ಜ್ವರ ಬಂದರೆ, ಅವನ ಮನೆಯಲ್ಲಿ ಮದುವೆ ಇದ್ದರೆ ನನಗೆ ಕರೆ. ಕರೆ ಬಂದ ಒಂದು ತಾಸಿನೊಳಗೆ ಗೋಕುಲ ರೋಡಿನ ವಿಮಾನ ನಿಲ್ದಾಣದಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತಿರಬೇಕು. ಹಾರಿದರೆ ಸಂಬಳ, ಹಾರದಿದ್ದರೆ ಮನೆ ಬಾಡಿಗೆಗೆ ಸಾಲುವಷ್ಟು. ಆ ಮಹಾಶಯನೋ ಗುಂಡುಕಲ್ಲಿನ ಹಾಗಿದ್ದ. ಎರಡು ತಿಂಗಳಲ್ಲಿ ಅವನಿಗೆ ನೆಗಡಿ ಕೂಡ ಆಗಲಿಲ್ಲ. ಅವನಿಗೆ ಒಂದು ಸಣ್ಣ ಜ್ವರ ಬರಲಿ ಎಂದು ಹನುಮಪ್ಪನ ಗುಡಿಯಲ್ಲಿ ಬೇಡಿಕೊಂಡ ಪಾಪಿ ನಾನು.

ಹೆಂಡತಿ ಸುಮಾ ಒಂದು ದಿನ ಮುಖಕ್ಕೇ ಹೇಳಿದಳು. "ಮನ್ಯಾಗ ಕೂತು ಗ್ವಾಡಿ ನೋಡೂದರಕಿಂತ ದಿನಾ ಎರಡು ತಾಸು ಏನರೆ ಕೆಲಸ ಹುಡಕ್ರಿ. ನಿಮ್ಮ ಮಾರಿ ನೋಡಿ ನೋಡಿ ನನಗೂ ಸಾಕಾಗ್ಯದ."

ಹುಡುಕಲು ಹೊರಟೆ. ಕೊಪ್ಪಿಕರ ರೋಡಿನ ಒಂದು ಪುಸ್ತಕದಂಗಡಿಯಲ್ಲಿ ಆಳು ಬೇಕು ಎಂದು ಬರೆದಿತ್ತು. ಮಾಲಕರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡಿ ಕೇಳಿದರು.

"ದಿನಾ ಎಷ್ಟಕ್ಕ ಬರ್ತೀರಿ?"

"ಹತ್ತಕ್ಕ ಬರ್ತೇನ್ರಿ. ಆದ್ರ ಕೆಲವು ದಿನ ಬರೂದಾಗೂದಿಲ್ಲ."

"ಯಾವ ದಿನ?"

"ಅದು ಮೊದಲ ಹೇಳ್ಲಿಕ್ಕೆ ಬರೂದಿಲ್ರಿ."

"ಬಂದ ದಿನ ಎಷ್ಟಕ್ಕ ಹೋಗ್ತೀರಿ?"

"ಅದೂ ಹೇಳ್ಲಿಕ್ಕೆ ಬರೂದಿಲ್ರಿ."

"ಹಂಗಾದ್ರ ಮನ್ಯಾಗ ಆರಾಮ ಇರ್ರಿ, ಇಲ್ಲಿಗ್ಯಾಕ ತ್ರಾಸ ತಗೋತೀರಿ?" ಎಂದು ಪುಸ್ತಕ ಜೋಡಿಸತೊಡಗಿದರು. ಅವರದೇನೂ ತಪ್ಪಿಲ್ಲ, ನಾನೇ ಮಾಲಕನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಒಂದು ಟ್ಯೂಷನ್ ಕ್ಲಾಸಿನವರು, "ಪರೀಕ್ಷಾ ಮುಂದ ನೀವು ಹಾರಿ ಹೋದ್ರ ನಮ್ಮ ಹುಡುಗರ ಗತಿ ಏನ್ರಿ?" ಎಂದರು. ಒಬ್ಬ ಬಟ್ಟೆ ಅಂಗಡಿಯವನಂತೂ ದನಿ ತಗ್ಗಿಸಿ, "ಪೈಲಟ್ ಅಂತೀರಿ, ಅರಬಿ ಅಂಗಡಿಗೆ ಬಂದೀರಿ. ಖರೇ ಹೇಳ್ರಿ, ಏನರ ಭಾನಗಡಿ ಮಾಡ್ಕೊಂಡೀರೇನು?" ಎಂದು ಕೇಳಿದ. ಮೈಯೆಲ್ಲ ಉರಿಯಿತು. ಎದ್ದು ಬಂದೆ.

ನಮ್ಮ ಮನೆಗೆ ಆಗ ಫೋನ್ ಇರಲಿಲ್ಲ. ಅರ್ಜಿ ಹಾಕಿ ವರ್ಷ ದಾಟಿತ್ತು. ಕಂಪನಿಗೆ ಕೊಟ್ಟದ್ದು ದೇಶಪಾಂಡೆ ನಗರದಲ್ಲಿ ನಮ್ಮ ಓಣಿಯ ತುದಿಗಿದ್ದ ಎಸ್.ಟಿ.ಡಿ. ಬೂತಿನ ನಂಬರು, ಪಕ್ಕದಲ್ಲಿ ಪಿ.ಪಿ. ಎಂದು ಬರೆದು. ಆ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನವರಿಗಾಗಿ ಹೇಳುತ್ತೇನೆ: ಫೋನ್ ಇನ್ನೊಬ್ಬರದು, ಕರೆ ನಮ್ಮದು. ಅವರು ಹೇಳಿ ಕಳಿಸಿದರೆ ನಾವು ಓಡಿಹೋಗಿ ಮಾತಾಡಬೇಕು. ದೂರದಲ್ಲಿದ್ದವರು ಇಂಥ ವಾರ, ಇಷ್ಟು ಗಂಟೆಗೆ ಫೋನ್ ಮಾಡುತ್ತೇನೆ ಎಂದು ಮೊದಲೇ ಪತ್ರ ಬರೆಯುತ್ತಿದ್ದರು. ಆ ಹೊತ್ತಿಗೆ ಮನೆಯವರು ಬಂದು ಬೂತಿನಲ್ಲಿ ಕಾಯುತ್ತಿದ್ದರು.

ಬೂತು ಗಂಗಕ್ಕನದು. ಐವತ್ತರ ಹತ್ತಿರದ ಹೆಣ್ಣುಮಗಳು. ಸಣ್ಣಂದಿನಲ್ಲೇ ಪೋಲಿಯೋದಿಂದ ಒಂದು ಕಾಲು ಹೋಗಿತ್ತು. ಕಾಲಿನ ಬಲವೆಲ್ಲ ನಾಲಿಗೆಗೆ ಬಂದಿತ್ತು. ನಾನು ದಿನಕ್ಕೆ ನಾಲ್ಕು ಸಲ ಹೋಗಿ ಫೋನ್ ಬಂತೇನ್ರಿ ಎಂದು ಕೇಳುವವನು. ಒಂದು ದಿನ ಅವರು ರೇಗಿದರು. "ಕ್ಯಾಪ್ಟನ್ ಸಾಹೇಬ್ರ, ಹೊರಗ ನಿಂತು ನನ್ನ ತಲಿ ಯಾಕ ತಿಂತೀರಿ? ಒಳಗ ಬಂದು ಕುಂದರ್ರಿ. ನಾ ಮನಿಗೆ ಹೋಗಿ ನಾಕು ರೊಟ್ಟಿ ಬಡದು ಬರ್ತೇನಿ. ನಿಮ್ಮ ಕರಿ ಬಂತಂದ್ರ ಕೀಲಿ ಹಾಕಿ ಹಾರಿ ಹೋಗ್ರಿ. ನಂದೇನೂ ತಕರಾರಿಲ್ಲ."

ಊರೆಲ್ಲ ಸುತ್ತಿದರೂ ಸಿಗದ ಕೆಲಸ ಓಣಿಯ ತುದಿಯಲ್ಲೇ ಸಿಕ್ಕಿತು. ಫೋನ್ ಕಾಯುವುದೇ ಕೆಲಸ, ಅದಕ್ಕೇ ಪಗಾರ! ಮುಂಜಾನೆ ಮೂರು ತಾಸು, ಸಂಜೆ ಎರಡು ತಾಸು. ಯೂನಿಫಾರ್ಮ್ ತಂದು ಬೂತಿನ ಒಳಗೇ ಮೊಳೆಗೆ ಹಾಕಿದ್ದೆ. ಬಿಳಿ ಅಂಗಿ, ಹೆಗಲ ಮೇಲೆ ಜರಿಪಟ್ಟಿ. ಒಬ್ಬ ರೈತರು ಅದನ್ನು ನೋಡಿ ನೋಡಿ, "ನಿಮ್ಮ ಬ್ಯಾಂಡ್ ಕಂಪನಿ ಮದವಿಗೆ ಎಷ್ಟ ತಗೋತೈತ್ರಿ?" ಎಂದು ಕೇಳಿದರು. ಗಂಗಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಒಂದೇ ತೊಂದರೆ. ಬೂತಿನಲ್ಲಿದ್ದದ್ದು ಒಂದೇ ಲೈನು. ಗಿರಾಕಿ ಮಾತಾಡುತ್ತಿದ್ದರೆ ನನ್ನ ಕರೆ ಒಳಗೆ ಬರುವಂತಿಲ್ಲ. ಸೇರಿದ ಮೊದಲ ವಾರದಲ್ಲೇ ಕಂಪನಿಯವರು ನಾನು ಸಿಗುತ್ತೇನೋ ಇಲ್ಲವೋ ನೋಡಲು ಫೋನ್ ಮಾಡಿದ್ದರು. ಮದುವೆ ಗೊತ್ತಾದ ಒಬ್ಬ ಹುಡುಗ ಬಿಜಾಪುರದ ಹುಡುಗಿಯ ಜೊತೆ ನಲವತ್ತು ನಿಮಿಷ ಮಾತಾಡುತ್ತಿದ್ದ. ಮರುದಿನ ಕಂಪನಿಯ ಆಫೀಸರು ನನ್ನನ್ನು ಕರೆಸಿ, "ಇನ್ನೊಂದು ಸಲ ಫೋನಿಗೆ ಸಿಗಲಿಲ್ಲ ಅಂದರೆ ನಿಮ್ಮ ಹೆಸರು ತೆಗೆದುಬಿಡ್ತೀವಿ" ಎಂದರು. ಬೆಂಗಳೂರು ಕಡೆಯವರು, ಸಿಟ್ಟಿನಲ್ಲೂ ಮೆತ್ತಗೆ ಮಾತಾಡುತ್ತಿದ್ದರು.

ಶ್ರಾವಣದ ಒಂದು ಸೋಮವಾರ. ಗಂಗಕ್ಕ ಧಾರವಾಡದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದರು. ಬೂತಿನಲ್ಲಿ ನಾನೊಬ್ಬನೇ. ಒಂಬತ್ತೂವರೆಗೆ ಫೋನ್ ಬಂತು, ಅದೇ ಆಫೀಸರು. ಗುಂಡುಕಲ್ಲಿಗೆ ಕೊನೆಗೂ ಜ್ವರ ಬಂದಿತ್ತು. "ಡಾಕ್ಟರ ಹತ್ತಿರ ಹೋಗಿದ್ದಾರೆ. ಅವರಿಗೆ ಆಗದಿದ್ದರೆ ಮಧ್ಯಾಹ್ನದ ಮುಂಬಯಿ ವಿಮಾನಕ್ಕೆ ನೀವು ಬೇಕು. ಹನ್ನೊಂದರಿಂದ ಹನ್ನೊಂದೂವರೆ ಒಳಗೆ ಫೋನ್ ಮಾಡಿ ಹೇಳ್ತೀವಿ. ಲೈನ್ ಖಾಲಿ ಇರಲಿ" ಎಂದರು.

 ಯೂನಿಫಾರ್ಮಿನ ಧೂಳು ಕೊಡವಿದೆ, ಬೂಟು ಒರೆಸಿದೆ. ಹತ್ತೂವರೆಗೆ ಇಬ್ಬರು ಗಿರಾಕಿಗಳು ಬಂದು ಹೋದರು. ಮೂರನೆಯವನು ಮಾತು ಮುಗಿಸುವವರೆಗೆ ನನ್ನ ಜೀವ ಬಾಯಿಗೆ ಬಂದಿತ್ತು. ಅವನು ಹೋದ ಮೇಲೆ ಒಂದು ರಟ್ಟು ತೆಗೆದುಕೊಂಡು ಅದರ ಮೇಲೆ ದಪ್ಪಗೆ "ಫೋನ್ ಕೆಟ್ಟಿದೆ" ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ. ಒಂದು ತಾಸಿನ ಮಾತು, ಯಾರಿಗೇನು ನಷ್ಟ ಎಂದುಕೊಂಡೆ.

ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಒಬ್ಬ ಹೆಣ್ಣುಮಗಳು ಬಂದರು. ಮೂವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆಯ ಚೀಲ. ಬೋರ್ಡನ್ನು ಎರಡು ಸಲ ಓದಿದರು.

"ಗಂಗಕ್ಕಾರ ಇಲ್ಲೇನ್ರಿ?"

"ಧಾರವಾಡಕ್ಕ ಹೋಗ್ಯಾರ."

"ಫೋನ್ ಖರೇನ ಕೆಟ್ಟೈತೇನ್ರಿ?"

"ಹೌದ್ರಿ."

"ಹೊರಗಿಂದ ಬರೂದೂ ಬರೂದಿಲ್ಲೇನ್ರಿ?"

"ಯಾವುದೂ ಬರೂದಿಲ್ರಿ" ಎಂದೆ. ಕಣ್ಣು ಗಡಿಯಾರದ ಮೇಲಿತ್ತು.

"ನಾ ಗರಗದಿಂದ ಬಂದೇನ್ರಿ" ಎಂದರು. ನಾನು ಏನಾದರೂ ಕೇಳಬಹುದು ಎಂದು ನಿಂತಿದ್ದರು ಅಂತ ಈಗ ಅನಿಸುತ್ತದೆ. ನಾನು ಕೇಳಲಿಲ್ಲ. "ಸಂಜೀಕ ಛಲೋ ಆಗಬಹುದು" ಎಂದಷ್ಟೇ ಹೇಳಿದೆ. ಅವರು ಹೊರಗಿನ ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಫೋನ್ ರಿಂಗಾಯಿತು. ಎರಡನೇ ರಿಂಗಿಗೆ ಎತ್ತಿ, "ಗುಡ್ ಮಾರ್ನಿಂಗ್ ಸರ್" ಎಂದೆ. ಗರಗರ ಸದ್ದು. ಅದರ ಹಿಂದೆ ಬಹಳ ದೂರದಿಂದ ಒಬ್ಬ ಗಂಡಸಿನ ದನಿ.

"ಗಂಗಕ್ಕಾರ ಬೂತೇನ್ರಿ? ನಾ ಮಸ್ಕತ್ತಿನಿಂದ ಬಸಪ್ಪ ಮಾತಾಡಾಕತ್ತೇನ್ರಿ. ನಮ್ಮ ಮನಿಯಾಕಿ ನೀಲವ್ವ ಬಂದಾಳೇನ್ರಿ, ಗರಗದಾಕಿ?"

 "ಬಂದಿದ್ರು. ಈಗ ಹೋದ್ರು" ಎಂದೆ.

"ಅಯ್ಯ, ಹೆಂಗ ಹೋದಳ್ರಿ? ಹನ್ನೊಂದಕ್ಕ ಅಂತ ಬರದಿದ್ನಲ್ರಿ!" ಆ ಮನುಷ್ಯ ಗಡಬಡಿಸಿ ಹೇಳುತ್ತಾ ಹೋದರು. ಮೊದಲು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿದ್ದವರು, ನಮ್ಮ ಬೂತಿನ ನಂಬರು ಬಾಯಿಪಾಠ ಇತ್ತು. ಒಂದೂವರೆ ತಿಂಗಳ ಹಿಂದೆ ಕೆಲಸದ ಮೇಲೆ ಎತ್ತರದಿಂದ ಬಿದ್ದು ಕೈ ಮುರಿದಿತ್ತು. ಬರೆಯಲಾಗದೆ ಜೊತೆಗಾರನ ಕೈಯಿಂದ ಪತ್ರ ಬರೆಸಿದ್ದರು. ಅಕ್ಷರ ಬೇರೆ ಇದ್ದದ್ದಕ್ಕೆ, ಮನುಷ್ಯ ಉಳಿದಿಲ್ಲ, ಮಸ್ಕತ್ತಿನ ಕಂಪನಿಯವರು ಸುಳ್ಳು ಪತ್ರ ಬರೆದಿದ್ದಾರೆ ಎಂದು ಊರಲ್ಲಿ ಗುಲ್ಲಾಗಿದೆಯೆಂದು ಊರಿನವರು ಬರೆದಿದ್ದರಂತೆ. "ಆಕಿ ಊಟಾ ಬಿಟ್ಟಾಳಂತ್ರಿ. ಆಕೀಗೆ ನನ್ನ ಧ್ವನಿ ಕೇಳಿಸಬೇಕ್ರಿ. ಹನ್ನೊಂದೂ ನಲವತ್ತಕ್ಕ ಮತ್ತೊಮ್ಮೆ ಮಾಡ್ತೇನಿ. ಆಮ್ಯಾಲೆ ನಮ್ಮನ್ನ ಮರಳುಗಾಡಿನ ಕ್ಯಾಂಪಿಗೆ ಒಯ್ತಾರ, ಅಲ್ಲೆ ಫೋನಿಲ್ಲ. ಹೆಂಗರೆ ಮಾಡಿ ಆಕೀನ ಕರಸ್ರಿ, ನಿಮ್ಮ ಪಾದಾ ಹಿಡಕೋತೇನಿ."

ಫೋನ್ ಇಟ್ಟೆ. ಬೂತು ಬಿಟ್ಟು ಹೋದರೆ ಕಂಪನಿಯ ಕರೆ ತಪ್ಪುತ್ತದೆ. ಬಿಟ್ಟು ಹೋಗದಿದ್ದರೆ ಆ ಹೆಣ್ಣುಮಗಳು ಗಂಡ ಸತ್ತ ಎಂದೇ ತಿಳಿದು ಗರಗ ಸೇರುತ್ತಾಳೆ. ಬಾಜೂ ಟೇಲರ್ ಅಂಗಡಿಯವರಿಗೆ ಫೋನ್ ನೋಡಿಕೊಳ್ಳಲು ಹೇಳೋಣ ಎಂದರೆ ಅವತ್ತು ಅದು ಬಂದ್. ನಾನು ತಕ್ಷಣ ಎದ್ದು ಓಡಿದೆ ಎಂದು ಬರೆಯಲು ಆಸೆಯಿದೆ, ಆದರೆ ಹಾಗಾಗಲಿಲ್ಲ. ಎರಡು ಮೂರು ನಿಮಿಷ ಫೋನನ್ನೇ ನೋಡುತ್ತಾ ಕೂತಿದ್ದೆ. ಕಂಪನಿಯ ಕರೆ ಈಗಲೇ ಬಂದುಬಿಟ್ಟರೆ ಎರಡೂ ಆಗುತ್ತದಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಬರಲಿಲ್ಲ. ನಾನೇ ಕಂಪನಿಗೆ ಹಚ್ಚಿ ನೋಡಿದೆ, ಅವರದು ಎಂಗೇಜ್. ಕೊನೆಗೆ ಕೀಲಿ ಹಾಕಿ ಸ್ಕೂಟರ್ ಒದ್ದೆ.

ಗರಗಕ್ಕೆ ಹೋಗುವವರು ಮೊದಲು ಧಾರವಾಡದ ಬಸ್ಸು ಹತ್ತಬೇಕು. ಸ್ಟಾಪಿನಲ್ಲಿದ್ದ ಬೀಡಾ ಅಂಗಡಿಯವನು, "ಚೀಲಾ ಹಿಡಕೊಂಡಾಕಿ ಏನ್ರಿ? ಧಾರವಾಡ ಬಸ್ ಹತ್ತಿದ್ಲು, ಈಗರೆ ಹೋತ್ರಿ" ಎಂದ. ಹೊಸೂರು, ವಿದ್ಯಾನಗರ, ಉಣಕಲ್ಲು ದಾಟಿದೆ. ದಾರಿಯಲ್ಲಿ ಎರಡು ಬಸ್ಸುಗಳಿಗೆ ಅಡ್ಡ ಹೋಗಿ ಬೈಸಿಕೊಂಡೆ, ಎರಡರಲ್ಲೂ ಅವರಿರಲಿಲ್ಲ. ಮೂರನೆಯದು ಬೈರಿದೇವರಕೊಪ್ಪದ ಸ್ಟಾಪಿನಲ್ಲಿ ಜನ ಇಳಿಸುತ್ತಿತ್ತು. ಸ್ಕೂಟರನ್ನು ಬಸ್ಸಿನ ಮೂತಿಗೇ ಅಡ್ಡ ನಿಲ್ಲಿಸಿ ಒಳಗೆ ಹತ್ತಿದೆ.

"ಗರಗದ ನೀಲವ್ವ ಯಾರ್ರಿ?" ಎಂದು ಕೂಗಿದೆ.

ಎಂಥ ದಡ್ಡತನ ಮಾಡಿದೆ ನೋಡಿ. ಗಂಡನ ಬಗ್ಗೆ ಕೆಟ್ಟ ಸುದ್ದಿ ಬರುತ್ತದೋ ಎಂದು ಎಷ್ಟೋ ದಿನದಿಂದ ನಡುಗುತ್ತಿದ್ದವರು. ಗುರುತಿಲ್ಲದವನೊಬ್ಬ ಬಸ್ಸನ್ನು ಅಟ್ಟಿಸಿಕೊಂಡು ಬಂದು ಹೆಸರು ಹಿಡಿದು ಕೂಗಿದರೆ ಏನೆಂದುಕೊಳ್ಳಬೇಕು? ನಡುವಿನ ಸೀಟಿನಿಂದ ಅವರು ಎದ್ದು ನಿಂತರು, ಮುಖದಲ್ಲಿ ರಕ್ತವಿರಲಿಲ್ಲ. ಬಾಜೂ ಕೂತಿದ್ದ ಮುದುಕಿ ಅವರ ಕೈ ಹಿಡಿದುಕೊಂಡಳು.

"ಹೆದರಬ್ಯಾಡ್ರಿ, ನಿಮ್ಮ ಯಜಮಾನ್ರು ಆರಾಮ ಇದ್ದಾರ. ಫೋನ್ ಮಾಡಿದ್ರು, ನಾನ ಮಾತಾಡೇನಿ. ನಲವತ್ತಕ್ಕ ಮತ್ತ ಮಾಡ್ತಾರ. ಲಗೂ ಬರ್ರಿ" ಎಂದೆ.

ಅವರು ಅಲುಗಾಡಲಿಲ್ಲ. "ಫೋನ್ ಕೆಟ್ಟೈತಿ ಅಂದ್ರಲ್ರಿ?"

ಬಸ್ಸೆಲ್ಲ ನನ್ನನ್ನೇ ನೋಡುತ್ತಿತ್ತು. "ಸುಳ್ಳ ಹೇಳಿದ್ದೆನ್ರಿ. ನಂದೊಂದು ಫೋನ್ ಬರೂದಿತ್ತು, ಅದಕ್ಕ" ಎಂದೆ.

"ಏನ್ ಮನಷಾ ಅದೀರಿ ನೀವು!" ಎಂದು ಕಂಡಕ್ಟರ್ ಸುರು ಮಾಡಿದ. ಹಿಂದಿನ ಸೀಟಿನವರೂ ದನಿ ಕೂಡಿಸಿದರು. ಆ ಮುದುಕಿಯೇ ಎಲ್ಲರನ್ನೂ ಸುಮ್ಮನಾಗಿಸಿ, "ಬೈಯೂದು ಆಮ್ಯಾಲೆ ಬೈದ್ರಾತು. ಏಳವ್ವಾ, ಮೊದಲ ಗಂಡನ ಕೂಡ ಮಾತಾಡು ಹೋಗು" ಎಂದು ನೀಲವ್ವನನ್ನು ಎಬ್ಬಿಸಿ ಕಳಿಸಿದಳು. ಚೀಲವನ್ನು ನಡುವೆ ಇಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು. 

ಬೂತಿನ ಮುಂದೆ ಇಳಿದಾಗ ಒಳಗೆ ಫೋನ್ ರಿಂಗಾಗುತ್ತಿತ್ತು. ಗಡಿಬಿಡಿಯಲ್ಲಿ ಕೀಲಿ ತೂತಿಗೆ ಹೋಗಲೊಲ್ಲದು. ಬಾಗಿಲು ತೆಗೆಯುವುದಕ್ಕೂ ಫೋನ್ ನಿಲ್ಲುವುದಕ್ಕೂ ಸರಿಹೋಯಿತು. ನೀಲವ್ವ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟರು. 

ಫೋನ್ ಮತ್ತೆ ರಿಂಗಾಯಿತು. ಅದು ಕಂಪನಿಯದೂ ಆಗಿರಬಹುದಿತ್ತು, ಬಸಪ್ಪನದೂ ಆಗಿರಬಹುದಿತ್ತು. ನನ್ನ ಕೈ ಮುಂದೆ ಹೋಯಿತು. ಹಿಂದೆ ತೆಗೆದುಕೊಂಡು, "ನೀವ ಎತ್ರಿ" ಎಂದೆ.

ಎತ್ತಿದರು. ಹಲೋ ಅನ್ನಲಿಲ್ಲ. ಉಸಿರು ಹಿಡಿದು ಕೇಳಿಸಿಕೊಂಡರು. ಆ ಕಡೆಯಿಂದ ಏನೋ ಮಾತು ಬರುತ್ತಿತ್ತು, ಇವರ ಮುಖದಲ್ಲಿ ಇನ್ನೂ ನಂಬಿಕೆ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದರು.

"ಒಮ್ಮೆ ಕೆಮ್ಮರಿ ನೋಡೂಣು."

ಆ ಕಡೆಯವರು ಏನೋ ಕೇಳಿರಬೇಕು. "ಅದೆಲ್ಲಾ ಬ್ಯಾಡ, ಕೆಮ್ಮರಿ ಅಂದೆ" ಎಂದು ಗದರಿಸಿದರು. ಮಸ್ಕತ್ತಿನಿಂದ ಬಂದ ಕೆಮ್ಮು ನನಗೂ ಕೇಳಿಸಿತು, ಗೊಗ್ಗರು ಕೆಮ್ಮು. ನೀಲವ್ವ ಇದ್ದಲ್ಲೇ ನೆಲಕ್ಕೆ ಕುಸಿದು ಕೂತರು, ರಿಸೀವರ್ ಬಿಡಲಿಲ್ಲ. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಬೀಡಿ ಬಿಡ್ರಿ ಅಂದ್ರ ಬಿಡಲಿಲ್ಲ, ಈಗ ಅದಽ ನಿಮ್ಮ ಗುರತಾತು" ಎಂದು ಗಂಡನಿಗೆ ಬೈಯತೊಡಗಿದರು. ನನ್ನ ಕಣ್ಣೂ ತುಂಬಿತು, ಹೊರಗೆ ಬಂದು ನಿಂತೆ.

ಹನ್ನೊಂದು ನಿಮಿಷ ಮಾತಾಡಿದರು. ಹೊರಡುವಾಗ ಮುಖ ತೊಳೆದುಕೊಂಡು ಕೇಳಿದರು, "ನಿಮ್ಮ ಫೋನ್ ಬಂತೇನ್ರಿ?"

"ಇನ್ನೂ ಇಲ್ರಿ."

"ನನ್ನಿಂದ ತಪ್ಪಿತೇನ್ರಿ?"

"ಇಲ್ರಿ ಅಕ್ಕಾರ, ನನ್ನಿಂದನ ತಪ್ಪಿತು" ಎಂದೆ. ಅವರು ತಲೆಯಾಡಿಸಿ ಹೋದರು.

ಕೂಡಲೇ ನಾನೇ ಕಂಪನಿಗೆ ಫೋನ್ ಮಾಡಿದೆ. ಹನ್ನೊಂದೂಕಾಲರಿಂದ ಏಳು ಸಲ ಪ್ರಯತ್ನಿಸಿದ್ದರಂತೆ. ಮೊದಲು ಯಾರೂ ಎತ್ತಲಿಲ್ಲ, ಆಮೇಲೆ ಎಂಗೇಜ್. ವಿಮಾನ ರದ್ದಾಗಿತ್ತು, ಪ್ರಯಾಣಿಕರು ಆಫೀಸಿನಲ್ಲಿ ಗಲಾಟೆ ಮಾಡುತ್ತಿದ್ದರು. ನಡೆದದ್ದನ್ನು ಹೇಳಲು ಹೋದೆ. "ಅದೆಲ್ಲ ಬೇಡ ಬಿಡಿ" ಎಂದು ಆಫೀಸರು ಫೋನ್ ಇಟ್ಟರು. ನಾಲ್ಕು ದಿನಕ್ಕೆ ಪತ್ರ ಬಂತು, ನನ್ನ ಸೇವೆ ಇನ್ನು ಬೇಕಿಲ್ಲ ಎಂದು. ಸುಮಾ ಪತ್ರ ಓದಿ ಮಡಚಿಟ್ಟಳು. ಅವತ್ತು ರಾತ್ರಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

ಗಂಗಕ್ಕ ಧಾರವಾಡದಿಂದ ಬಂದು ಎಲ್ಲ ಕೇಳಿದರು. ನೌಕರಿ ಹೋಗುವ ಹಾಗಿದೆ ಎಂದದ್ದಕ್ಕೆ ಅಯ್ಯೋ ಅನ್ನಲಿಲ್ಲ. ಬೋರ್ಡನ್ನು ಹರಿದು ನಾಲ್ಕು ತುಂಡು ಮಾಡಿ, "ನೀವೂ ದಿನಾ ಫೋನ್ ಕಾಯಾವ್ರ ಅದೀರಿ. ಬ್ಯಾರೇದವರೂ ಕಾಯ್ತಾರಂತ ತಿಳೀಲಿಲ್ಲೇನ್ರಿ?" ಎಂದರು. ಎಷ್ಟೋ ದಿನ ನನ್ನ ಜೊತೆ ಬೇಕಾದಷ್ಟೇ ಮಾತು. ಆದರೂ ಕೆಲಸದಿಂದ ತೆಗೆಯಲಿಲ್ಲ. ಐದು ತಾಸಿನ ಕೆಲಸ ಇಡೀ ದಿನದ್ದಾಯಿತು. ಮೊಳೆಯ ಮೇಲಿನ ಯೂನಿಫಾರ್ಮನ್ನು ಸುಮಾ ಮನೆಗೆ ಒಯ್ದು ಟ್ರಂಕಿನಲ್ಲಿಟ್ಟಳು.

ಮುಂದಿನ ಬೇಸಿಗೆಯಲ್ಲಿ ಬಸಪ್ಪ ಊರಿಗೆ ಬಂದವರು ಹೆಂಡತಿಯನ್ನು ಕರೆದುಕೊಂಡು ಬೂತಿಗೆ ಬಂದರು. ಗಂಗಕ್ಕ ಊಟಕ್ಕೆ ಹೋಗಿದ್ದ ಹೊತ್ತು. ನಾಲ್ಕೈದು ಜನ ಗಿರಾಕಿಗಳು ಪಾಳಿ ಹಚ್ಚಿದ್ದರು. ಬಸಪ್ಪ ಕಟ್ಟುಮಸ್ತಾದ ಆಳು, ಬಲಗೈ ಮಾತ್ರ ಸೊಟ್ಟ. ಒಳಗೆ ಬಂದವರೇ ಎರಡೂ ಕೈಯಿಂದ ನನ್ನ ಕೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನೋಡ್ರೆಪಾ, ಇವರು ದೇವರಂಥ ಮನಷಾರು. ನಾ ಫೋನ್ ಮಾಡೂದ್ರಾಗ ಈಕಿ ಕಾಯ್ದು ಸಾಕಾಗಿ ಹೋಗಿಬಿಟ್ಟಿದ್ಳು. ತಮ್ಮ ವಿಮಾನದ ನೌಕರಿ ಹೋದ್ರ ಹೋಗ್ಲಿ ಅಂತ ಬಸ್ ಬೆನ್ನು ಹತ್ತಿ ಕರ್ಕೊಂಡು ಬಂದ್ರು. ಇಂಥಾವ್ರು ಎಲ್ಲೆ ಸಿಗ್ತಾರ?"

ಕಾಯ್ದು ಸಾಕಾಗಿ ಹೋಗಿಬಿಟ್ಟಿದ್ದಳು! ನಾನು ನೀಲವ್ವನ ಕಡೆ ನೋಡಿದೆ. ನನ್ನ ನೌಕರಿ ಹೋದದ್ದು ಅವರಿಗೆ ಗಂಗಕ್ಕನಿಂದ ಗೊತ್ತಾಗಿತ್ತು. ಅದನ್ನು ಗಂಡನಿಗೆ ಹೇಳಿದ್ದರು. ನಾನು ಸುಳ್ಳು ಹೇಳಿ ಅಟ್ಟಿದ್ದನ್ನು ಹೇಳಿರಲಿಲ್ಲ. ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು. ಈಗ ಸೆರಗು ಸರಿಮಾಡಿಕೊಳ್ಳುತ್ತಾ ಬೀದಿಯ ಕಡೆ ನೋಡುತ್ತಿದ್ದರು.

ಹಾಗಲ್ಲರಿ ಬಸಪ್ಪಾರ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬಸ್ಸು ತುಂಬ ಜನರ ಎದುರು 'ಸುಳ್ಳು ಹೇಳಿದ್ದೆ' ಎಂದಿದ್ದ ನನಗೆ, ಪ್ರೀತಿಯಿಂದ ಕೈ ಹಿಡಿದು ನಿಂತ ಒಬ್ಬ ಮನುಷ್ಯನ ಎದುರು ಬಾಯಿ ಬರಲಿಲ್ಲ. ನಮಸ್ಕಾರ ಮಾಡಿದರು, ಮಾಡಿಸಿಕೊಂಡೆ. ಗಿರಾಕಿಗಳೂ ನನ್ನನ್ನು ಗೌರವದಿಂದ ನೋಡಿದರು, ನೋಡಿಸಿಕೊಂಡೆ.

ಮುಂದೆ ಇನ್ನೊಂದು ಕಂಪನಿ ಸೇರಿದೆ, ಕ್ಯಾಪ್ಟನ್ ಆದೆ, ನಿವೃತ್ತನೂ ಆದೆ. ಈ ಕಥೆ ಕೇಳಿದವರೆಲ್ಲ ದೊಡ್ಡ ಕೆಲಸ ಮಾಡಿದಿರಿ ಅನ್ನುತ್ತಾರೆ, ಯಾಕೆಂದರೆ ನಾನು ಅವರಿಗೆಲ್ಲ ಬಸಪ್ಪ ಹೇಳಿದ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಸುಮಾಗೆ ಮಾತ್ರ ಖರೇ ಗೊತ್ತು. ಇವತ್ತು ಮೊದಲ ಸಲ ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ. ಬಸಪ್ಪನವರ ಕೈಗೆ ಇದು ಸಿಕ್ಕರೆ ಓದಲಿ. ನಿಮ್ಮ ನೀಲವ್ವ ಕಾಯ್ದು ಬೇಸತ್ತು ಹೋಗಲಿಲ್ಲ ಬಸಪ್ಪಾರ, ನಾನೇ ಕಳಿಸಿದ್ದೆ.